ಕ್ಯಾಚ್ ಕ್ಯಾನ್ ಹಾಕಿಸಿ ಮೂರು ವರ್ಷ: ಡಬ್ಬಿಗಿಂತ ಪೈಪಿನದೇ ಕಥೆ

ಇಂಜಿನ್ ಹೊಗೆಯ ಜೊತೆ ಬರುವ ಎಣ್ಣೆಯನ್ನು ದಾರಿಯಲ್ಲೇ ಹಿಡಿದಿಡುವ ಡಬ್ಬಿಯೇ ಕ್ಯಾಚ್ ಕ್ಯಾನ್. ನನ್ನದು 1.2 ಲೀಟರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಡೈರೆಕ್ಟ್ ಇಂಜೆಕ್ಷನ್. ರೀಮ್ಯಾಪ್ ಮಾಡಿಸಿ (ಅಂದರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ), ಟರ್ಬೊ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್ ಹಾಕಿಸಿ, ಬೂಸ್ಟ್, ಅಂದರೆ ಟರ್ಬೊ ಗಾಳಿಯ ಒತ್ತಡ, ಏರಿಸಿದ್ದೆ. ಆರು ತಿಂಗಳಾದ ಮೇಲೆ ಇಂಟರ್‌ಕೂಲರ್ ಪೈಪು ಬಿಚ್ಚಿದರೆ ಒಳಗೆಲ್ಲ ಎಣ್ಣೆ ಜಿಡ್ಡು. ಟರ್ಬೊ ಹೋಯ್ತು ಅಂತಲೇ ಎದೆ ಧಸಕ್ಕೆಂದಿತು. ಮೆಕ್ಯಾನಿಕ್ ಅದರ ಶಾಫ್ಟ್ ಅಲ್ಲಾಡಿಸಿ ನೋಡಿ, "ಟರ್ಬೊ ಚೆನ್ನಾಗಿದೆ ಸಾರ್, ಇದು ಬ್ಲೋಬೈ" ಅಂದರು.

ಸಿಲಿಂಡರ್‌ನಲ್ಲಿ ಉರಿದ ಗ್ಯಾಸ್ ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಎಣ್ಣೆ ಇರುವ ಕ್ರ್ಯಾಂಕ್‌ಕೇಸ್‌ಗೆ ನುಸುಳುತ್ತದೆ, ಅದೇ ಬ್ಲೋಬೈ. ಹೊಸ ಇಂಜಿನ್‌ನಲ್ಲೂ ಇದು ಇದ್ದದ್ದೇ, ಬೂಸ್ಟ್ ಏರಿಸಿದರೆ ಜಾಸ್ತಿ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಆಯಿಲ್ ಸೀಲ್ ಸೋರುತ್ತದೆ, ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲೆದ್ದು ಬರುತ್ತದೆ. ಹಿಂದೆಲ್ಲ ಕಾರುಗಳಲ್ಲಿ ಒಂದು ಕೊಳವೆ ಇಟ್ಟು ರಸ್ತೆಗೇ ಬಿಟ್ಟುಬಿಡುತ್ತಿದ್ದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೊಗೆ ಕಾಟಕ್ಕೆ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವ್ ಕಾರುಗಳಿಗೆ ಬಂತು. ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಇಂಜಿನ್‌ಗೇ ತಿರುಗಿ ಕುಡಿಸುವ ಏರ್ಪಾಡು ಅದು. ಊರಿಗೆ ಒಳ್ಳೆಯದೇ. ಆದರೆ ಹೊಗೆಯ ಜೊತೆ ಎಣ್ಣೆಯ ಹನಿಗಳೂ ಒಳಗೆ ಹೋಗುತ್ತವೆ. ಹಳೆ ಥರದ ಇಂಜಿನ್‌ನಲ್ಲಿ ಪೆಟ್ರೋಲ್ ಇಂಟೇಕ್ ವಾಲ್ವಿನ ಬೆನ್ನಿಗೆ ಬಿದ್ದು ತೊಳೆಯುತ್ತಿತ್ತು. ನನ್ನದರಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೇ. ತೊಳೆಯುವವರೇ ಇಲ್ಲ, ವಾಲ್ವ್ ಮೇಲೆ ಕಾರ್ಬನ್ ಕಟ್ಟುತ್ತದೆ. ಎಣ್ಣೆ ಬೆರೆತರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳುವುದು) ಕೂಡ ಬೇಗ ಬರುತ್ತದೆ. ಆಗ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಕಿಡಿ ಹಚ್ಚುವ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ದುಡ್ಡು ಕೊಟ್ಟು ಏರಿಸಿದ ಪವರ್ ಹಾಗೇ ಇಳಿದುಹೋಗುತ್ತದೆ, ಅಲ್ವಾ?

ಮೊದಲು ಆನ್‌ಲೈನ್‌ನಲ್ಲಿ ಒಂದು ಅಗ್ಗದ ನೀಲಿ ಕ್ಯಾನ್ ತರಿಸಿದೆ. ಬಾನೆಟ್ ತೆಗೆದರೆ ಫಳಫಳ. ಎರಡು ತಿಂಗಳಿಗೆ ಅದರಲ್ಲಿ ಸಿಕ್ಕಿದ್ದು ಒಂದು ಚಮಚ ಎಣ್ಣೆ. ಮುಚ್ಚಳ ಬಿಚ್ಚಿದರೆ ಒಳಗೆ ಏನೂ ಇಲ್ಲ, ಬರೀ ಡಬ್ಬಿ. ಈ ತೂತಿನಿಂದ ಬಂದ ಮಂಜು ಆ ತೂತಿನಿಂದ ಸುಮ್ನೆ ಹೊರಟು ಹೋಗುತ್ತಿತ್ತು.

ಈಗ ಇರುವುದು ಎರಡನೆಯದು. 500 ಮಿಲಿ, ಒಳಗೆ ಅಡ್ಡ ತಗಡುಗಳು, ಸ್ಟೀಲ್ ಜಾಲರಿ. ಎಣ್ಣೆ ಮಂಜು ಅವಕ್ಕೆ ಬಡಿದು ಹನಿಗಟ್ಟಿ ಕೆಳಗೆ ಬೀಳುತ್ತದೆ. ಇದನ್ನು ಹಾಕಿದ ಮೇಲೂ ಇಂಟರ್‌ಕೂಲರ್ ಪೈಪ್ ಒದ್ದೆಯೇ! ತಪ್ಪು ಕ್ಯಾನಿನದಲ್ಲ. ಟರ್ಬೊ ಇಂಜಿನ್‌ನಲ್ಲಿ ಈ ಹೊಗೆಗೆ ಎರಡು ದಾರಿ. ಮೆಲ್ಲಗೆ ಓಡಿಸುವಾಗ ಇಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡ್ ತಾನೇ ಎಳೆದುಕೊಳ್ಳುತ್ತದೆ. ಬೂಸ್ಟ್ ಬಂದಾಗ ಆ ಕಡೆಯ, ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಮುಚ್ಚಿ, ಹೊಗೆ ಇನ್ನೊಂದು ದಾರಿಯಲ್ಲಿ ಟರ್ಬೊ ಬಾಯಿಗೆ ಹೋಗುತ್ತದೆ. ಗ್ಯಾರೇಜಿನವರು ಮೊದಲನೆಯದಕ್ಕೆ ಮಾತ್ರ ಕ್ಯಾನ್ ಕೂರಿಸಿದ್ದರು. ಎಣ್ಣೆ ಜಾಸ್ತಿ ಬರುವ ದಾರಿ ತೆರೆದೇ ಇತ್ತು. ಆ ಕಡೆಗೂ ಅಂಥದ್ದೇ ಇನ್ನೊಂದು ಕ್ಯಾನ್ ಹಾಕಿಸಿದ ಮೇಲೆ ಪೈಪ್ ಒಣಗಿತು.

ಹೋಸ್ ವಿಷಯದಲ್ಲೂ ಪೆಟ್ಟು ತಿಂದೆ. ಮೊದಲು ಹಾಕಿದ್ದು ರೇಡಿಯೇಟರ್ ನೀರಿನ ಹೋಸ್. ಎಣ್ಣೆಗೆ ಅದು ಊದಿಕೊಂಡು ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಯಿತು. ಒಂದು ದಿನ ನೋಡಿದರೆ ಡಿಪ್‌ಸ್ಟಿಕ್ ಅರ್ಧ ಹೊರಗೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಎಣ್ಣೆ ತಡೆಯುವ 19 ಮಿ.ಮೀ. ನೈಟ್ರೈಲ್ ಹೋಸ್ ತಂದು ಹಾಕಿಸಿದೆ. ಹೋಸ್ ನಡುವೆ ಎಲ್ಲೂ ತಗ್ಗು ಇರಬಾರದು, ಅಲ್ಲಿ ಎಣ್ಣೆ ನಿಂತುಬಿಡುತ್ತದೆ.

ಬೇಸಿಗೆಯಲ್ಲಿ 1,500 ಕಿ.ಮೀ.ಗೆ ಎರಡೂ ಸೇರಿ ಸುಮಾರು 40 ಮಿಲಿ ಬರುತ್ತದೆ. ಕಪ್ಪಗೆ, ತೆಳ್ಳಗೆ, ಪೆಟ್ರೋಲ್ ವಾಸನೆ. ಮಳೆಗಾಲದಲ್ಲಿ ಹತ್ತಿರದ ಓಡಾಟವೇ ಜಾಸ್ತಿಯಾದರೆ ಬಣ್ಣವೇ ಬೇರೆ: ಹಾಲು ಜಾಸ್ತಿಯಾದ ಕಾಫಿ. ಇಂಜಿನ್ ಸರಿಯಾಗಿ ಬಿಸಿಯಾಗದೆ ನೀರು ಸೇರಿಕೊಳ್ಳುತ್ತದೆ. ಮೊದಲ ಸಲ ನೋಡಿ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಎಣ್ಣೆಗೆ ಸೇರಿತು ಅಂತ ಹೆದರಿದ್ದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ನಲ್ಲಿ ಒಂದೇ ದಿನಕ್ಕೆ 60 ಮಿಲಿ ಬಂತು. ತೆಗೆದದ್ದನ್ನು ಎಣ್ಣೆ ಅಂತ ಮತ್ತೆ ಇಂಜಿನ್‌ಗೆ ಸುರಿಯಬೇಡಿ, ಮೋರಿಗೂ ಬೇಡ. ನಾನು ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಹಾಕುತ್ತೇನೆ.

ಎರಡೂ ಕ್ಯಾನ್ ಕೂರಿಸುವ ಮೊದಲು ವಾಲ್ವ್ ಕ್ಲೀನ್ ಮಾಡಿಸಿದ್ದೆ. 30,000 ಕಿ.ಮೀ. ಆದ ಮೇಲೆ ಕ್ಯಾಮೆರಾ ಬಿಟ್ಟು ನೋಡಿಸಿದೆವು. ಕಾರ್ಬನ್ ಪೂರ್ತಿ ನಿಂತಿಲ್ಲ. ಆದರೆ ಹಿಂದಿನ ಹಾಗೆ ಗಟ್ಟಿ ಪದರ ಇಲ್ಲ, ತೆಳುವಾದ ಮಸಿ ಅಷ್ಟೇ.

ಕ್ಯಾನ್ ಮೇಲೆ ಪುಟ್ಟ ಫಿಲ್ಟರ್ ಇಟ್ಟು ಹೊಗೆ ಹೊರಗೆ ಬಿಡು ಅಂತ ಗೆಳೆಯರು ಹೇಳುತ್ತಾರೆ. ಒಬ್ಬನ ಕಾರಿನಲ್ಲಿ ಕೂತಿದ್ದೆ. ಸಿಗ್ನಲ್‌ನಲ್ಲಿ ನಿಂತರೆ ಒಳಗೆಲ್ಲ ಸುಟ್ಟೆಣ್ಣೆ ವಾಸನೆ. ನನಗೆ ಬೇಡ.

ದೂರುಗಳೂ ಇವೆ. ಕ್ಯಾನ್ ಖಾಲಿ ಮಾಡುವ ನಲ್ಲಿ ಎಷ್ಟು ಕೆಳಗಿದೆ ಅಂದರೆ ಪ್ರತಿ ಸಲ ಮೊಣಕೈ ತರಚುತ್ತದೆ. ಜೊತೆಗೆ ಬಂದ ಬ್ರಾಕೆಟ್ ವರ್ಷಕ್ಕೇ ಬಿರುಕು ಬಿಟ್ಟಿತು, ವೆಲ್ಡಿಂಗ್ ಅಂಗಡಿಯಲ್ಲಿ 3 ಮಿ.ಮೀ. ಪ್ಲೇಟಿನಲ್ಲಿ ಬೇರೆ ಮಾಡಿಸಿದೆ. ಜಾಲರಿ ಬಿಡಿಯಾಗಿ ಸಿಗುವುದಿಲ್ಲ, ಆರು ತಿಂಗಳಿಗೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕುತ್ತೇನೆ.

ಕಾರು ಕಂಪನಿಯಿಂದ ಬಂದ ಹಾಗೇ ಇದ್ದರೆ ಇದಕ್ಕೆ ದುಡ್ಡು ಹಾಕಬೇಡಿ. ವಾರಕ್ಕೇ ಕ್ಯಾನ್ ತುಂಬುತ್ತಿದ್ದರೆ ದೊಡ್ಡ ಕ್ಯಾನ್ ಹುಡುಕಬೇಡಿ, ಮೊದಲು ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ನೋಡುವುದು) ಮಾಡಿಸಿ. ರಿಂಗ್ ಸವೆದಿರಬಹುದು.