ಶಿಮಾನೋ 105 5700: ಹತ್ತು ಗೇರಿನ ರಿಮ್ ಬ್ರೇಕ್ ಸೆಟ್ಟು ರೇಸಿಗೆ ಇನ್ನೂ ನಡೆಯುತ್ತದೆಯೇ?

2010ರಲ್ಲಿ ಬಂದ ಶಿಮಾನೋ 105 5700 ಗ್ರೂಪ್‌ಸೆಟ್‌ನ, ಅಂದರೆ ರಸ್ತೆ ಸೈಕಲ್ಲಿನ ಗೇರು, ಬ್ರೇಕು, ಪೆಡಲ್ ತೋಳುಗಳ ಒಟ್ಟು ಸೆಟ್ಟಿನ, ದೀರ್ಘ ಬಳಕೆಯ ವಿಮರ್ಶೆ ಇದು. ಮುಂದೆ 2 ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ 10 ಗೇರು, ಕೇಬಲ್ ಎಳೆತ, ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್. ಇದೇ 105ರ ಮುಂದಿನ ಪೀಳಿಗೆಯಾಗಿ 2014ರಲ್ಲಿ 11 ಗೇರಿನ 5800 ಬಂತು, 2018ರಲ್ಲಿ ಆರ್7000. 2023ರಲ್ಲಿ 12 ಗೇರಿನ ಆರ್7100 ಬಂದಾಗ ಅದರಲ್ಲಿ ರಿಮ್ ಬ್ರೇಕ್ ಇರಲೇ ಇಲ್ಲ. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡು ಮೊದಲ ರೇಸಿಗೆ ಹೆಸರು ಕೊಡುವವರು ಕೇಳುವುದು ಒಂದೇ: ಸೆಟ್ಟು ಹಳೆಯದು ಎಂಬ ಕಾರಣಕ್ಕೆ ಹಿಂದೆ ಬೀಳುತ್ತೇವಾ? ಒಳ್ಳೆಯ ಸ್ಥಿತಿಯಲ್ಲಿದ್ದರೆ ಇಲ್ಲ. ಮಳೆಯಲ್ಲಿ ಘಾಟಿ ಇಳಿಯುವಾಗ ಮತ್ತು ರೇಸಿನ ನಡುವೆ ಚಕ್ರ ಬದಲಿಸಬೇಕಾದಾಗ ಮಾತ್ರ ಇದು ನಿಜವಾಗಿ ಹಿಂದುಳಿಯುತ್ತದೆ.

ಮೊದಲು ಗೇರಿನ ಲೆಕ್ಕ. ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲೇ ಕ್ಯಾಸೆಟ್. 10 ಗೇರಿನ 11-28 ಕ್ಯಾಸೆಟ್‌ನ ಹಲ್ಲುಗಳು 11, 12, 13, 14, 15, 17, 19, 21, 24, 28. 11 ಗೇರಿನ 11-28ರಲ್ಲಿ 24ರ ಜಾಗಕ್ಕೆ 23 ಮತ್ತು 25 ಬಂದಿವೆ, ಉಳಿದದ್ದೆಲ್ಲ ಅದೇ. ವ್ಯತ್ಯಾಸ ಇಷ್ಟೇ, ಅದೂ ಏರಿನಲ್ಲಿ ಬಳಸುವ ಗೇರುಗಳಲ್ಲಿ. ವಿಜಯಪುರ, ಬಾಗಲಕೋಟೆ ಕಡೆಯ ಬಯಲು ರಸ್ತೆಯ ರೇಸಿಗೆ 12-25 ಹಾಕಿಕೊಂಡರೆ 12ರಿಂದ 17ರವರೆಗೆ ಒಂದೊಂದೇ ಹಲ್ಲಿನ ಅಂತರ ಸಿಗುತ್ತದೆ. 11-28ರಲ್ಲಿ ಇಲ್ಲದ 16 ಇದರಲ್ಲಿದೆ. ಎದುರುಗಾಳಿಗೆ ಗುಂಪಿನೊಳಗೆ ತುಳಿಯುವಾಗ ಆ 16 ಎಷ್ಟು ಬೇಕು ಎಂಬುದು ಬಳಸಿದವರಿಗೆ ಗೊತ್ತು. 53×12ರಲ್ಲಿ (ಮುಂದೆ 53, ಹಿಂದೆ 12 ಹಲ್ಲು) ನಿಮಿಷಕ್ಕೆ 100 ಸುತ್ತು ತುಳಿದರೆ ಸುಮಾರು 56 ಕಿ.ಮೀ. ವೇಗ. ಸ್ಪ್ರಿಂಟಿಗೆ ಅದು ಸಾಲದವರು 11 ಇರುವ ಕ್ಯಾಸೆಟ್ ಹಾಕಿಕೊಳ್ಳಲಿ.

ನಂದಿ ಬೆಟ್ಟದಂಥ ಏರಿಗೆ ಬಂದಾಗ ಮುಂದಿನ ರಿಂಗ್ ಲೆಕ್ಕಕ್ಕೆ ಬರುತ್ತದೆ. 39×28ರಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ ವೇಗ ಸುಮಾರು 12.3 ಕಿ.ಮೀ. ಸೈಕಲ್ಲೂ ಸವಾರರೂ ಸೇರಿ 80 ಕೆ.ಜಿ. ಇದ್ದರೆ, ಶೇ. 10ರ ಏರಿನಲ್ಲಿ ಆ ವೇಗ ಕಾಯ್ದುಕೊಳ್ಳಲು ಭಾರ ಎತ್ತುವುದಕ್ಕೇ ಸುಮಾರು 270 ವಾಟ್ ಬೇಕು. ಅಷ್ಟು ಶಕ್ತಿ ನಿಲ್ಲದವರು ಮುಂದಿನ ಎರಡು ರಿಂಗ್‌ಗಳನ್ನು 53/39 ಬಿಟ್ಟು 50/34 ಹಾಕಲಿ. ಪೆಡಲನ್ನೂ ರಿಂಗನ್ನೂ ಹಿಡಿಯುವ 5700ರ ಕ್ರ್ಯಾಂಕ್ ಐದು ತೋಳಿನದು. 53/39ಕ್ಕೆ ಬೋಲ್ಟ್ ವೃತ್ತ (ರಿಂಗಿನ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 130 ಮಿ.ಮೀ., 50/34ಕ್ಕೆ 110 ಮಿ.ಮೀ. ಹಾಗಾಗಿ 130ರ ಕ್ರ್ಯಾಂಕಿಗೆ 34ರ ರಿಂಗ್ ಕೂರುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು. ಈ ಎರಡೂ ಅಳತೆಯ ಐದು ತೋಳಿನ ರಿಂಗ್‌ಗಳನ್ನು ಬೇರೆ ಬೇರೆ ತಯಾರಕರು ಮಾಡುವುದು ಹಳೆಯ ಸೆಟ್ಟಿಗೆ ದೊಡ್ಡ ಅನುಕೂಲ.

ತೂಕದ ಬಗ್ಗೆ ಅತಿಯಾದ ಚಿಂತೆ ಬೇಡ. ಅದೇ 80 ಕೆ.ಜಿ.ಯನ್ನು 400 ಮೀಟರ್ ಎತ್ತರಕ್ಕೆ 250 ವಾಟ್‌ನಲ್ಲಿ ಏರಿಸಲು, ಗಾಳಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 21 ನಿಮಿಷ ಬೇಕು. ಸೈಕಲ್ 1 ಕೆ.ಜಿ. ಹಗುರಾದರೆ ಉಳಿಯುವುದು ಸುಮಾರು 15 ಸೆಕೆಂಡ್. ಬೆಟ್ಟದ ಟೈಮ್ ಟ್ರಯಲ್‌ನಲ್ಲಿ ಅದು ದೊಡ್ಡದೇ, ಬಯಲಿನ ರೇಸಿನಲ್ಲಿ ಅಲ್ಲ. ಟೈರಿನ ಲೆಕ್ಕ ಬೇರೆ. ಉರುಳುವಿಕೆಯ ಪ್ರತಿರೋಧದ ಗುಣಾಂಕ 0.006 ಇರುವ ಸಾದಾ ಟೈರು ತೆಗೆದು 0.004 ಇರುವ ರೇಸ್ ಟೈರು ಹಾಕಿದರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಸುಮಾರು 15 ವಾಟ್ ಉಳಿಯುತ್ತದೆ, ಅದೂ ರೇಸಿನ ಉದ್ದಕ್ಕೂ. ಹಾಗಾಗಿ ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೊದಲು ಟೈರು, ಆಮೇಲೆ ಕೇಬಲ್ ಮತ್ತು ಚೈನು. ಹೊಸ ಗ್ರೂಪ್‌ಸೆಟ್ ಕೊನೆಗೆ.

ಪ್ಯಾಡುಗಳನ್ನು ರಿಮ್ಮಿಗೆ ಒತ್ತುವ 5700ರ ಬ್ರೇಕ್ ಕ್ಯಾಲಿಪರ್‌ನಡಿ 25 ಮಿ.ಮೀ. ಟೈರು ಸರಾಗವಾಗಿ ಹಿಡಿಸುತ್ತದೆ. ಅಗಲ ರಿಮ್ಮಿಗೆ 28 ಹಾಕಿದರೆ ಟೈರಿನ ನೆತ್ತಿ ಕ್ಯಾಲಿಪರ್‌ಗೆ ತಾಗುವುದುಂಟು; ಬರಿಗಣ್ಣಿಗೆ ಜಾಗ ಕಂಡರೂ ಟೈರಿಗೆ ಅಂಟಿಕೊಂಡ ಸಣ್ಣ ಕಲ್ಲು ಸಾಕು, ಕರಕರ ಸದ್ದು ಶುರು. ಸುಮಾರು 70 ಕೆ.ಜಿ. ತೂಗುವವರು 25ರ ಟೈರಿಗೆ 80ರಿಂದ 90 ಪಿಎಸ್‌ಐ ಗಾಳಿಯಿಂದ ಶುರುಮಾಡಿ. 120 ಹೊಡೆಯುವ ಹಳೆಯ ಅಭ್ಯಾಸ ನಮ್ಮ ಒರಟು ಡಾಂಬರಿನಲ್ಲಿ ಸೈಕಲ್ಲನ್ನು ಕುಪ್ಪಳಿಸುತ್ತದೆ, ವೇಗ ಕೊಡುವುದಿಲ್ಲ.

ಈಗ ಈ ಸೆಟ್ಟಿನ ನಿಜವಾದ ದುರ್ಬಲ ಜಾಗ. 5700ರಲ್ಲಿ ಗೇರ್ ಕೇಬಲ್ ಹ್ಯಾಂಡಲ್ ಟೇಪಿನಡಿಯೇ ಹಾದುಹೋಗುತ್ತದೆ. ನೋಡಲು ಚೆಂದ, ಆದರೆ ಹಿಂದಿನ ಗೇರು ಬದಲಿಸುವ ಬಲ ಶಿಫ್ಟರ್‌ನೊಳಗೆ ಕೇಬಲ್ಲಿನ ತಲೆ ಕೂರುವ ಜಾಗದ ಪಕ್ಕದಲ್ಲೇ ಅದು ಬಿಗಿಯಾಗಿ ಬಾಗಬೇಕು. ಪ್ರತಿ ಶಿಫ್ಟಿಗೂ ಅದೇ ಜಾಗ ಬಾಗಿ ಬಾಗಿ ಒಂದೊಂದೇ ಎಳೆ ತುಂಡಾಗುತ್ತದೆ. ಲಕ್ಷಣ ಸ್ಪಷ್ಟ: ನಿನ್ನೆ ಹದಕ್ಕೆ ತಂದ ಗೇರು ಇವತ್ತು ತಪ್ಪಿರುತ್ತದೆ, ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರನ್ನು ದಿನಾ ಅರ್ಧ ಸುತ್ತು ತಿರುಗಿಸಬೇಕಾಗುತ್ತದೆ, ಚಿಕ್ಕ ಹಲ್ಲಿನ ಕಡೆಗೆ ಹೋಗುವಾಗ ಕ್ಲಿಕ್ ಕೇಳಿಸಿದರೂ ಚೈನು ಕದಲುವುದಿಲ್ಲ. ಆಗ ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಡಿರೈಲರ್‌ನ ಸ್ಕ್ರೂಗಳನ್ನು ತಿರುವುತ್ತ ಕೂರಬೇಡಿ, ಕೇಬಲ್ ಬದಲಿಸಿ. ಕೇಬಲ್ ಪೂರ್ತಿ ತುಂಡಾದರೆ ರೇಸಿನ ಉಳಿದ ಭಾಗವನ್ನು ಹಿಂದಿನ ಅತಿ ಚಿಕ್ಕ ಹಲ್ಲಿನಲ್ಲೇ ತುಳಿಯಬೇಕು.

ಬದಲಿಸುವ ಕ್ರಮ ಹೀಗೆ. ಪೆಡಲ್ ತಿರುಗಿಸುತ್ತ ಸಣ್ಣ ಲಿವರನ್ನು ಒತ್ತಿ ಒತ್ತಿ ಅತಿ ಚಿಕ್ಕ ಹಲ್ಲಿಗೆ ತನ್ನಿ. ಡಿರೈಲರ್ ಬಳಿ ಕೇಬಲ್ ಬಿಚ್ಚಿ, ತುದಿಯ ಟೋಪಿ ಕತ್ತರಿಸಿ, ಶಿಫ್ಟರ್ ಮೇಲಿನ ಹುಡ್ ರಬ್ಬರ್ ಮಡಚಿ, ಕೇಬಲ್ಲನ್ನು ಹಿಂದಿನಿಂದ ತಳ್ಳಿದರೆ ತಲೆ ಹೊರಬರುತ್ತದೆ. ಚಿಕ್ಕ ಹಲ್ಲಿಗೆ ತರದೆ ತಳ್ಳಿದರೆ ತಲೆ ರಂಧ್ರಕ್ಕೆ ನೇರವಾಗಿರುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ತಲೆ ಮುರಿದು ಒಳಗೇ ಉಳಿದಿದ್ದರೆ ಚಿಮುಟದಿಂದ ಒಂದೊಂದು ಎಳೆಯನ್ನೂ ಹೆಕ್ಕಿ ತೆಗೆಯಿರಿ. ಒಂದು ಎಳೆ ಉಳಿದರೂ ರ‍್ಯಾಚೆಟ್‌ಗೆ ಸಿಕ್ಕಿ ಶಿಫ್ಟರ್ ಹಾಳಾಗುತ್ತದೆ. ಹೊಸ ಒಳಕೇಬಲ್ 1.2 ಮಿ.ಮೀ., ಹೊರಕವಚ 4 ಮಿ.ಮೀ. ಕವಚವನ್ನು ನೇರವಾಗಿ ಕತ್ತರಿಸಿ, ಮುಚ್ಚಿಕೊಂಡ ಪ್ಲಾಸ್ಟಿಕ್ ಬಾಯನ್ನು ಸೂಜಿಯಿಂದ ಬಿಡಿಸಿ. ರೇಸ್ ಓಡಿಸುವವರು 3,000 ಕಿ.ಮೀ.ಗೊಮ್ಮೆ ಬಲಗಡೆಯ ಕೇಬಲ್ ಬದಲಿಸಲಿ, ತುಂಡಾಗುವವರೆಗೆ ಕಾಯುವುದು ಬೇಡ. ವರ್ಷಗಟ್ಟಲೆ ನಿಂತ ಸೈಕಲ್ಲಿನ ಲಿವರ್ ಒತ್ತಿದರೂ ಹಿಡಿಯದೆ ಖಾಲಿ ಹೋಗುತ್ತಿದ್ದರೆ ಅದು ಬಹುಮಟ್ಟಿಗೆ ಒಳಗಿನ ಗ್ರೀಸ್ ಗಟ್ಟಿಯಾದದ್ದು. ಗ್ರೀಸ್ ಕರಗಿಸುವ ಸ್ಪ್ರೇ ಹೊಡೆದು, ನೂರು ಸಲ ಕ್ಲಿಕ್ ಮಾಡಿ, ಕೊಳೆ ಇಳಿಸಿ, ತೆಳು ಎಣ್ಣೆ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬಿಡಿಭಾಗ ಕೊಳ್ಳುವಾಗ ಮೋಸಹೋಗುವ ಜಾಗಗಳಿವೆ. 105ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಶಿಮಾನೋ ಟಿಯಾಗ್ರಾ 4700 ಕೂಡ 10 ಗೇರಿನದೇ, ಆದರೆ ಅದರ ಕೇಬಲ್ ಎಳೆತದ ಅಳತೆ, ಅಂದರೆ ಒಂದು ಕ್ಲಿಕ್ಕಿಗೆ ಕೇಬಲ್ ಸರಿಯುವ ಉದ್ದ, ಬೇರೆ. 4700ರ ಶಿಫ್ಟರ್ 5700ರ ಡಿರೈಲರ್ ಜೊತೆ ಹೊಂದುವುದಿಲ್ಲ. ಟಿಯಾಗ್ರಾ 4600 ಹೊಂದುತ್ತದೆ. 34 ಹಲ್ಲಿನ ಕ್ಯಾಸೆಟ್ ಬೇಕೆನ್ನುವವರು 9 ಗೇರಿನ ಎಂಟಿಬಿ (ಮೌಂಟನ್ ಬೈಕ್) ಹಿಂದಿನ ಡಿರೈಲರ್ ಹಾಕಬಹುದು, ಎಳೆತದ ಅಳತೆ ಒಂದೇ. 10 ಗೇರಿನ ಎಂಟಿಬಿ ಡಿರೈಲರ್ ನಡೆಯುವುದಿಲ್ಲ. 105ರ 10 ಗೇರಿನ ಕ್ಯಾಸೆಟ್ಟನ್ನು 11 ಗೇರಿನ ಹಬ್ಬಿಗೆ ಹಾಕುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್, ಅದರ ಜೊತೆ ಕ್ಯಾಸೆಟ್ಟಿನೊಂದಿಗೆ ಬರುವ 1 ಮಿ.ಮೀ. ಸ್ಪೇಸರ್, ಎರಡೂ ಬೇಕು. ಒಂದು ಬಿಟ್ಟರೂ ಲಾಕ್‌ರಿಂಗ್ 40 ನ್ಯೂಟನ್ ಮೀಟರ್‌ಗೆ ಬಿಗಿದ ಮೇಲೂ ಹಲ್ಲುಗಳು ಗಡಗಡ ಆಡುತ್ತವೆ. ಕ್ರ್ಯಾಂಕ್ ತಿರುಗುವ ಬೇರಿಂಗಿನ ಜಾಗವಾದ ಬಾಟಮ್ ಬ್ರ್ಯಾಕೆಟ್‌ಗೆ ಶಿಮಾನೋದ ಹೊಸ ಬಿಬಿಆರ್60 ಕಪ್ ಸರಿಹೊಂದುತ್ತದೆ, ಆದರೆ ಅದರ ವ್ಯಾಸ ಚಿಕ್ಕದು, ಹಳೆಯ ಸ್ಪ್ಯಾನರ್ ಕೂರುವುದಿಲ್ಲ. ಬಲಗಡೆಯ ಕಪ್ ಬಿಚ್ಚುವ ದಿಕ್ಕು ಉಲ್ಟಾ ಎಂಬುದನ್ನು ಮರೆತು ಥ್ರೆಡ್ ಕಿತ್ತ ಫ್ರೇಮುಗಳು ಕಡಿಮೆಯೇನಲ್ಲ. ಎಡ ಕ್ರ್ಯಾಂಕಿನ ಎರಡು ಬೋಲ್ಟ್‌ಗಳನ್ನು ಒಂದಾದ ಮೇಲೆ ಒಂದರಂತೆ ಸ್ವಲ್ಪ ಸ್ವಲ್ಪ ಬಿಗಿಯುತ್ತ 12ರಿಂದ 14 ನ್ಯೂಟನ್ ಮೀಟರ್‌ಗೆ ತನ್ನಿ.

2023ರ ಸೆಪ್ಟೆಂಬರ್‌ನಲ್ಲಿ ಅಂಟು ಬಿಡಬಹುದೆಂದು ಶಿಮಾನೋ ತಪಾಸಣೆಗೆ ಕರೆದದ್ದು 105ಕ್ಕಿಂತ ಮೇಲಿನ ದರ್ಜೆಯ ಅಲ್ಟೆಗ್ರಾ, ಡ್ಯುರಾ-ಏಸ್ ಸೆಟ್ಟುಗಳ 11 ಗೇರಿನ ಕೆಲವು ಅಂಟುಜೋಡಣೆಯ ಕ್ರ್ಯಾಂಕ್‌ಗಳನ್ನು. 5700 ಆ ಪಟ್ಟಿಯಲ್ಲಿಲ್ಲ.

ಚೈನನ್ನು ಸ್ಟೀಲ್ ಪಟ್ಟಿಯಿಂದ ಅಳೆಯಿರಿ. ಪಿನ್ನಿನಿಂದ ಪಿನ್ನಿಗೆ 24 ಕೊಂಡಿಯ ಉದ್ದ ಹೊಸದರಲ್ಲಿ 304.8 ಮಿ.ಮೀ. ಅದು 306.3 ಮುಟ್ಟಿದಾಗ ತೆಗೆದರೆ ಕ್ಯಾಸೆಟ್ ಉಳಿಯುತ್ತದೆ. 307 ದಾಟಿದರೆ ಹೊಸ ಚೈನು ಹಳೆಯ ಹಲ್ಲಿನ ಮೇಲೆ ಜಾರುತ್ತದೆ, ಅದೂ ಎದ್ದುನಿಂತು ಜೋರಾಗಿ ತುಳಿದ ಹೊತ್ತಿನಲ್ಲಿ. 105ರ ಆಗಿನ ಚೈನಿಗೆ ಒಳಬದಿ, ಹೊರಬದಿ ಬೇರೆ: ಅಕ್ಷರವಿರುವ ಬದಿ ಹೊರಗೆ ಬರಲಿ.

ಬ್ರೇಕಿನ ವಿಷಯದಲ್ಲಿ ಒಣ ರಸ್ತೆಗೆ ದೂರಿಲ್ಲ. 2020ರ ಟೂರ್ ದ ಫ್ರಾನ್ಸನ್ನು ತದೇ ಪೊಗಾಚಾರ್ ಗೆದ್ದದ್ದು ರಿಮ್ ಬ್ರೇಕಿನಲ್ಲೇ. ಶಿಮಾನೋದ ಆರ್55ಸಿ4 ಪ್ಯಾಡ್ ಹಾಕಿ, ರಿಮ್ಮನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಅಲ್ಯೂಮಿನಿಯಂ ರಿಮ್ಮಿನ ಹಿಡಿತ ರೇಸಿಗೆ ಧಾರಾಳ ಸಾಕು. ಕ್ಯಾಲಿಪರ್ ಮಾತ್ರ 5700ರದೇ ಇರಲಿ. ಹಿಂದಿನ ಪೀಳಿಗೆಯ 5600ರ ಕ್ಯಾಲಿಪರ್ ಜೋಡಿಸಿದರೆ ಎಳೆತದ ಲೆಕ್ಕ ತಪ್ಪಿ ಹಿಡಿತದ ಹದ ಕೆಡುತ್ತದೆ. ಮಳೆಗಾಲದ ಕಥೆಯೇ ಬೇರೆ. ಲಿವರ್ ಒತ್ತಿದ ಮೇಲೆ ಪ್ಯಾಡು ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿತ. ಒದ್ದೆ ಕಾರ್ಬನ್ ರಿಮ್ಮಿನಲ್ಲಿ ಆ ಕ್ಷಣ ಇನ್ನೂ ಉದ್ದ. ಘಾಟಿ ಇಳಿಯುವ ಮಳೆ ರೇಸಿನಲ್ಲಿ ಡಿಸ್ಕ್ ಬ್ರೇಕಿನವರ ಹಿಂದೆ ಅಂಟಿಕೊಂಡು ಹೋಗಬೇಡಿ. ಅವರು ನಿಲ್ಲುವ ದೂರದಲ್ಲಿ ನೀವು ನಿಲ್ಲಲಾರಿರಿ. ಜೊತೆಗೆ ಮಳೆಯ ಮರಳು ಪ್ಯಾಡಿಗೆ ಸೇರಿ ರಿಮ್ಮನ್ನು ಅರೆಯುತ್ತದೆ. ರಿಮ್ಮಿನ ಬದಿಗೆ ಸ್ಕೇಲ್ ಇಟ್ಟು ನೋಡಿ: ನಡುವೆ ಕಣ್ಣಿಗೆ ಕಾಣುವ ತಗ್ಗಿದ್ದರೆ, ಅಥವಾ ಸವೆತದ ಗುರುತಿನ ಕುಳಿ ಮಾಯವಾಗಿದ್ದರೆ, ಆ ಚಕ್ರದಲ್ಲಿ ರೇಸ್ ಬೇಡ.

ಕೊನೆಯದು, ಚಕ್ರ ಬದಲಾವಣೆ. ಈಗ ರೇಸಿನ ಹಿಂದೆ ಬರುವ ಗಾಡಿಯಲ್ಲಿರುವ ಚಕ್ರಗಳು ಹೆಚ್ಚಾಗಿ ಡಿಸ್ಕ್ ಬ್ರೇಕಿನವು, ಹಿಂದಿನ ಚಕ್ರಕ್ಕೆ 130 ಮಿ.ಮೀ. ಜಾಗವಿರುವ ನಿಮ್ಮ ಫ್ರೇಮಿಗೆ ಕೂರುವುದೇ ಇಲ್ಲ. 11 ಗೇರಿನ ರಿಮ್ ಬ್ರೇಕ್ ಚಕ್ರ ಸಿಕ್ಕರೂ ಹಲ್ಲುಗಳ ನಡುವಿನ ಅಂತರ ಸುಮಾರು 3.7 ಮಿ.ಮೀ., ನಿಮ್ಮ ಶಿಫ್ಟರ್ ಒಂದು ಕ್ಲಿಕ್ಕಿಗೆ ಡಿರೈಲರನ್ನು ಸರಿಸುವುದು 3.95. ನಡುವಿನ ಹಲ್ಲಿಗೆ ಹದ ಮಾಡಿಕೊಂಡರೆ ಆಚೀಚೆ ಒಂದೆರಡು ಗೇರು ನಡೆಯುತ್ತದೆ. ನಾಲ್ಕನೆಯದಕ್ಕೆ 1 ಮಿ.ಮೀ. ತಪ್ಪಿ ಚೈನು ಕುಣಿಯುತ್ತದೆ. ಹಾಗಾಗಿ ನಿಮ್ಮದೇ ಸ್ಪೇರ್ ಚಕ್ರಗಳನ್ನು ಹೆಸರು ಬರೆದು ಗಾಡಿಗೆ ಕೊಡಿ. ಅದರಲ್ಲಿ ಅದೇ 10 ಗೇರಿನ ಕ್ಯಾಸೆಟ್ ಇರಲಿ, ರಿಮ್ಮಿನ ಅಗಲವೂ ಒಂದೇ ಇರಲಿ, ಇಲ್ಲದಿದ್ದರೆ ಬ್ರೇಕ್ ಒಂದೋ ಸಡಿಲ, ಇಲ್ಲವೇ ಉಜ್ಜುತ್ತದೆ. ಹಿಂದಿನ ದಿನವೇ ಚಕ್ರ ಹಾಕಿ ಹತ್ತೂ ಗೇರು ಬದಲಿಸಿ ನೋಡಿ, ಬ್ರೇಕ್ ಹಿಡಿದು ನೋಡಿ, ಆಮೇಲೆ ಗಾಳಿ ತುಂಬಿಸಿ ಇಡಿ.