ಜೋನ್ ಕ್ರಾಫರ್ಡ್ ಬಗ್ಗೆ ಮೂರು ಪುಸ್ತಕ, ಒಂದು ಕೆಂಪು ಪೆನ್ನು

ಮೊದಲೇ ಹೇಳಿಬಿಡುತ್ತೇನೆ, ಕ್ರಿಸ್ಟಿನಾ ಕ್ರಾಫರ್ಡ್ ಬರೆದ ‘ಮಮ್ಮಿ ಡಿಯರೆಸ್ಟ್’ ಪುಸ್ತಕದ 1978ರ ಹಳೇ ಮುದ್ರಣಕ್ಕೇ ನನ್ನ ಓಟು. ಆಮೇಲೆ ಅದೇ ಪುಸ್ತಕದ ಹಿಗ್ಗಿಸಿದ ಆವೃತ್ತಿಗೂ, ಡೊನಾಲ್ಡ್ ಸ್ಪೋಟೊ ಬರೆದ ಜೋನ್ ಜೀವನಚರಿತ್ರೆ ‘ಪೊಸೆಸ್ಡ್’ಗೂ ದುಡ್ಡು ಹಾಕಿದೆ. ಮೂರನ್ನೂ ಓದಿ ಮುಗಿಸಿದ ಮೇಲೂ ಕೈ ಹೋಗುವುದು ಆ ಹಳೇ ಪ್ರತಿಗೇ. ತಮಾಷೆ ಅಂದರೆ, ಮೂರರಲ್ಲಿ ನಾನು ಬೇಸ್ತುಬಿದ್ದು ಕೊಂಡದ್ದೂ ಅದನ್ನೇ.

ಜೋನ್ ಯಾರೆಂದು ಗೊತ್ತಿಲ್ಲದವರಿಗೆ ಎರಡೇ ಮಾತು. ‘ಮಿಲ್ಡ್ರೆಡ್ ಪಿಯರ್ಸ್’ (1945) ಚಿತ್ರಕ್ಕೆ ಆಸ್ಕರ್ ಬಂದ ದಿನ, ಹುಷಾರಿಲ್ಲ ಅಂತ ಮನೆಯಲ್ಲೇ ಉಳಿದು, ಪ್ರತಿಮೆ ಹಾಸಿಗೆಯ ಬಳಿಗೇ ಬಂದಾಗ ಅಲ್ಲೇ ಕೂತು ಫೋಟೋ ತೆಗೆಸಿಕೊಂಡ ಹಾಲಿವುಡ್ ತಾರೆ. ನಾಲ್ಕು ಮಕ್ಕಳನ್ನು ದತ್ತು ತೆಗೆದುಕೊಂಡಿದ್ದರು, ದೊಡ್ಡವಳು ಕ್ರಿಸ್ಟಿನಾ. 1977ರ ಮೇ ತಿಂಗಳಲ್ಲಿ ಜೋನ್ ತೀರಿಕೊಂಡರು. ಉಯಿಲು ತೆರೆದರೆ ಕ್ರಿಸ್ಟಿನಾಗೂ ಅವಳ ತಮ್ಮ ಕ್ರಿಸ್ಟೋಫರ್‌ಗೂ ಬಿಡಿಗಾಸಿಲ್ಲ. ಕಾರಣ ಅವರಿಗೇ ಚೆನ್ನಾಗಿ ಗೊತ್ತು ಅನ್ನುವ ಒಂದು ಸಾಲು ಮಾತ್ರ. ಮರುವರ್ಷ, ತಾಯಿಯ ಕೈಯಲ್ಲಿ ತಾನು ಪಟ್ಟ ಪಾಡನ್ನು ಹೇಳುವ ಮಗಳ ಪುಸ್ತಕ ಬಂತು.

ಈಗ ನನ್ನ ಗೋಳು. ಕೊಂಡದ್ದು ಸೆಕೆಂಡ್ ಹ್ಯಾಂಡ್. ಮಾರಿದವರು ‘ಉತ್ತಮ ಸ್ಥಿತಿ’ ಅಂತ ಬರೆದಿದ್ದರು. ರಟ್ಟು ಉತ್ತಮ ಸ್ಥಿತಿಯಲ್ಲೇ ಇತ್ತು, ಸುಳ್ಳು ಹೇಳಬಾರದು. ಒಳಗೆ ಮಾತ್ರ ಯಾರೋ ಪುಣ್ಯಾತ್ಮರು ಕೆಂಪು ಬಾಲ್ ಪೆನ್ನು ಹಿಡಿದು ಹೊಲ ಉತ್ತ ಹಾಗೆ ಗೀಟು ಎಳೆದಿದ್ದರು. ಪೆನ್ಸಿಲ್ ಆಗಿದ್ದರೆ ರಬ್ಬರಿನಲ್ಲಿ ಒರೆಸಬಹುದಿತ್ತು. ಬಾಲ್ ಪೆನ್ನಿನ ಒತ್ತು ಹಿಂದಿನ ಪುಟದಲ್ಲೂ ಬೆರಳಿಗೆ ಸಿಗುತ್ತದೆ.

ಮೊದಲೆರಡು ದಿನ ಸಿಟ್ಟು ಬಂತು. ಮೂರನೇ ದಿನ ಆ ಗೀಟುಗಳಿಗೂ ಒಂದು ಚಪಲ ಇದೆ ಅಂತ ಗೊತ್ತಾಯಿತು. ಹೊಡೆತ ಬಿದ್ದಲ್ಲೆಲ್ಲ ಕೆಂಪು. ತಂತಿಯ ಹ್ಯಾಂಗರ್ ಕಂಡು ತಾಯಿ ರೇಗಿ ಮೈಮೇಲೆ ಬಂದವರ ಹಾಗೆ ಆಡುವ ಆ ರಾತ್ರಿಯ ಪುಟ ಪೂರ್ತಿ ಕೆಂಪು. ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟರೆ ತಾನಾಗಿ ಅಲ್ಲಿಗೇ ತೆರೆದುಕೊಳ್ಳುತ್ತದೆ. ಹಸಿಹಸಿ ಮಾಂಸ ತಿನ್ನಲ್ಲ ಅಂದದ್ದಕ್ಕೆ ಅದೇ ತಟ್ಟೆಯನ್ನು ಹೊತ್ತು ಹೊತ್ತಿಗೂ ಮುಂದಿಡುವ ಜಾಗ, ಕೆಂಪು. ತಮ್ಮ ಏಳದಂತೆ ಅವನನ್ನು ಹಾಸಿಗೆಗೆ ಪಟ್ಟಿ ಬಿಗಿದು ಮಲಗಿಸುವ ಜಾಗ, ಎರಡು ಗೀಟು. ಹುಡುಗಿಯನ್ನು ಹಾಸ್ಟೆಲ್ ಶಾಲೆಗೆ ಹಾಕಿದ ಮೇಲೆ ತಾಯಿ ಬರೆದ ಪತ್ರಗಳು ಬರುತ್ತವಲ್ಲ, ಅಲ್ಲಿಗೆ ಬಂದರೆ ಪೆನ್ನಿನ ಸುಳಿವೇ ಇಲ್ಲ. ನನಗೆ ಪುಸ್ತಕದ ಜೀವ ಇರುವುದೇ ಆ ಪುಟಗಳಲ್ಲಿ. ಹೊಡೆತವಿಲ್ಲ, ಕೂಗಾಟವಿಲ್ಲ, ನಯವಾದ ಕಾಗದದಲ್ಲಿ ನಯವಾದ ಮಾತು. ಓದುತ್ತಾ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತದೆ.

ಇಷ್ಟು ಹೇಳಿ ನಾನೇನೋ ಸಾಚಾ ಅಂದುಕೊಳ್ಳಬೇಡಿ. ಪುಟ ತಿರುಗಿಸಿದ ಕೂಡಲೇ ನನ್ನ ಕಣ್ಣೂ ಕೆಂಪು ಎಲ್ಲಿದೆ ಅಂತ ಮೊದಲು ಅಲ್ಲಿಗೇ ಓಡುತ್ತಿತ್ತು. ಕೊನೆಗೆ ಹಳೇ ಮದುವೆ ಕರೆಯೋಲೆಯೊಂದನ್ನು ಅಡ್ಡ ಹಿಡಿದು, ಸಾಲು ಸಾಲಾಗಿ ಕೆಳಗೆ ಜಾರಿಸುತ್ತಾ ಓದಿದೆ. ಒಂದನೇ ಕ್ಲಾಸಿನ ಮಗುವಿನ ಹಾಗೆ.

ಈ ಕಿರಿಕಿರಿ ಸಾಕಾಗಿಯೇ ಹಿಗ್ಗಿಸಿದ ಆವೃತ್ತಿಯನ್ನು ಇ-ಪುಸ್ತಕದಲ್ಲಿ ಕೊಂಡದ್ದು. ಮೊದಲ ಮುದ್ರಣಕ್ಕೆ ಇಪ್ಪತ್ತು ವರ್ಷ ತುಂಬಿದಾಗ, 1998ರಲ್ಲಿ, ಹತ್ತಿರ ಹತ್ತಿರ ನೂರು ಪುಟ ಹೊಸದಾಗಿ ಸೇರಿಸಿ ಹೊರಬಂದ ಪಾಠ ಇದು. ಇಲ್ಲಿ ಯಾರ ಪೆನ್ನೂ ಇರಲ್ಲ ಅಂತ ನೆಮ್ಮದಿಯಾಗಿ ತೆರೆದರೆ ಸಾಲುಗಳ ಕೆಳಗೆ ಸಣ್ಣ ಚುಕ್ಕಿಗೆರೆ! ಇಷ್ಟು ಜನ ಓದುಗರು ಈ ಭಾಗವನ್ನು ಗುರುತು ಹಾಕಿದ್ದಾರೆ ಅಂತ ಆ್ಯಪೇ ತೋರಿಸುತ್ತದೆ. ಒಬ್ಬರಿಂದ ತಪ್ಪಿಸಿಕೊಳ್ಳಲು ಹೋಗಿ ಜಾತ್ರೆಗೇ ಸಿಕ್ಕಿಬಿದ್ದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಬಹುದು, ಮಾಡಿದೆ. ಆದರೆ ಓದು ಹಿಡಿಯಲಿಲ್ಲ. ಹಳೇ ಮುದ್ರಣದಲ್ಲಿ ತಾಯಿ ಸತ್ತು ವರ್ಷ ಎರಡು ವರ್ಷವೂ ಆಗದ ಮಗಳ ಬಿಸಿ ಇದೆ. ಸೇರಿಸಿದ ಪುಟಗಳಲ್ಲಿ ವಿವರ ಹೆಚ್ಚು, ಬಿಸಿ ಕಡಿಮೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು ಅನ್ನುವುದೊಂದು ಲಾಭ.

‘ಪೊಸೆಸ್ಡ್’ (2010) ಇವೆರಡಕ್ಕೂ ಎದುರು ಪಕ್ಷ. ಸ್ಪೋಟೊ ಜೋನ್ ಪರ ವಾದ ಮಾಡುತ್ತಾರೆ, ಮಗಳ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಸಿನಿಮಾಗಳ ಬಗ್ಗೆ ತಿಳಿಯಬೇಕೆಂದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ. ಮಗಳ ಪುಸ್ತಕದಲ್ಲಿ ಆ ಹಸಿವು ತೀರುವುದಿಲ್ಲ. ಲುಸಿಲ್ ಲೆಸ್ಯೂರ್ ಅನ್ನುವ ಕುಣಿಯುವ ಹುಡುಗಿಗೆ 1925ರಲ್ಲಿ ಪತ್ರಿಕೆಯೊಂದರಲ್ಲಿ ಸ್ಪರ್ಧೆ ಇಟ್ಟು ಓದುಗರಿಂದಲೇ ‘ಜೋನ್ ಕ್ರಾಫರ್ಡ್’ ಹೆಸರು ಹುಡುಕಿಸಿದ್ದರಂತೆ. ಹೆಸರಿಟ್ಟವರೂ ಓದುಗರು, ಐವತ್ತು ವರ್ಷದ ಮೇಲೆ ಮುಗಿಬಿದ್ದು ಮಾನ ತೆಗೆದವರೂ ಓದುಗರು.

ಇನ್ನೊಂದು ವಿಷಯ ಬಿಡಲಾಗದು. ಜೋನ್ ಬಾಲ್ಯದಲ್ಲಿ ಅವರ ತಾಯಿ ಕಾನ್ಸಾಸ್ ಸಿಟಿಯಲ್ಲಿ ಲಾಂಡ್ರಿ ಕೆಲಸ ಮಾಡುತ್ತಿದ್ದರು. ಊರವರ ಕೊಳೆಬಟ್ಟೆಯ ನಡುವೆ ಬೆಳೆದ ಹುಡುಗಿ. ಲಾಂಡ್ರಿಯಿಂದ ಬಟ್ಟೆ ಮನೆಗೆ ಬರುವುದೇ ಆ ತಂತಿಯ ಹ್ಯಾಂಗರ್‌ನಲ್ಲಿ ಅಲ್ಲವೇ? ಸಂಬಂಧ ಕಟ್ಟಿದ್ದು ನಾನು, ಸರಿಯೋ ತಪ್ಪೋ. ಮಗುವಿಗೆ ಹೊಡೆದದ್ದಕ್ಕೆ ಇದು ಜವಾಬಲ್ಲ. ಆದರೂ ಅದು ಹೊಳೆದ ಮೇಲೆ ಹಳೇ ಪ್ರತಿಯ ಆ ಕೆಂಪು ಪುಟವನ್ನು ತೆಗೆದು ಇನ್ನೊಮ್ಮೆ ಓದಿದೆ.

ಸ್ಪೋಟೊ ಜೊತೆ ನನ್ನ ತಕರಾರು ಒಂದೇ. ವಕೀಲರ ಹತ್ತಿರ ಕೂತ ಹಾಗಿರುತ್ತದೆ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಓದುವವಳು ನಾನು. ವಾದ ನೆನಪಿಟ್ಟುಕೊಂಡು ಮರುದಿನ ಮುಂದುವರಿಸುವುದು ಕಷ್ಟ.

ಯಾರ ಮಾತು ನಿಜ ಅಂತ ಕೇಳುವವರಿಗೆ: ಆ ಮನೆಯವರಲ್ಲೇ ಒಮ್ಮತ ಇರಲಿಲ್ಲ. ಅವಳಿ ತಂಗಿಯರು, ಕ್ಯಾಥಿ ಮತ್ತು ಸಿಂಡಿ, ನಮ್ಮಮ್ಮ ಹಾಗಿರಲಿಲ್ಲ ಅಂದರು. ಕ್ರಿಸ್ಟೋಫರ್ ಅಕ್ಕನ ಕಡೆ. ಜೋನ್ ಅವರ ಮೊದಲ ಗಂಡ ಡಗ್ಲಸ್ ಫೇರ್‌ಬ್ಯಾಂಕ್ಸ್ ಜೂನಿಯರ್ ಮತ್ತು ಗೆಳತಿ ಮಿರ್ನಾ ಲಾಯ್ ಜೋನ್ ಕಡೆ. ನಾನು ಮಗಳನ್ನು ನಂಬಿದೆ. 1968ರಲ್ಲಿ ಕ್ರಿಸ್ಟಿನಾ ಟಿವಿ ಧಾರಾವಾಹಿಯೊಂದರಲ್ಲಿ ನಟಿಸುತ್ತಿದ್ದಾಗ ಕಾಯಿಲೆಯಾಗಿ ಆಸ್ಪತ್ರೆ ಸೇರಿದರೆ, ಅವಳ ಪಾತ್ರಕ್ಕೆ, ಇಪ್ಪತ್ತರ ಪ್ರಾಯದ ಹೆಣ್ಣಿನ ಪಾತ್ರಕ್ಕೆ, ಅರವತ್ತರ ತಾಯಿ ಬಂದು ನಾಲ್ಕು ಕಂತು ಮಾಡಿಹೋದರು. ಇದಕ್ಕೆ ಯಾರ ಸಾಕ್ಷಿಯೂ ಬೇಡ, ಇಡೀ ಅಮೆರಿಕ ಟಿವಿಯಲ್ಲಿ ನೋಡಿದೆ.

ಮಗಳ ಪುಸ್ತಕ ಆಧರಿಸಿ ಬಂದ 1981ರ ಸಿನಿಮಾ ನೋಡಿ ಪುಸ್ತಕ ಅಳೆಯಬೇಡಿ. ಅಷ್ಟೇ.

ದುಡ್ಡಿನ ಮಾತು. ಹಳೇ ಪ್ರತಿಗೆ ಕೊಟ್ಟದ್ದು ‘ಪೊಸೆಸ್ಡ್’ ಬೆಲೆಯ ಅರ್ಧವೂ ಅಲ್ಲ. ತಿಂಗಳಿಗೆ ಒಂದೇ ಪುಸ್ತಕ ಅಂತ ಲೆಕ್ಕ ಇಟ್ಟುಕೊಂಡವಳು ಒಬ್ಬ ತಾರೆಗಾಗಿ ಮೂರು ತಿಂಗಳ ಕೋಟಾ ಮುಗಿಸಿದ್ದೇನೆ. ನೀವು ಹಾಗೆ ಮಾಡಬೇಕಿಲ್ಲ. ಹಳೇ ಮುದ್ರಣ ಸಿಕ್ಕರೆ ತೆಗೆದುಕೊಳ್ಳಿ, ಆದರೆ ರಟ್ಟಿನ ಫೋಟೋ ನೋಡಿ ಮರುಳಾಗದೆ ಒಳಗಿನ ನಾಲ್ಕು ಪುಟದ ಫೋಟೋ ಕೇಳಿ. ಸಿಗದಿದ್ದರೆ ‘ಪೊಸೆಸ್ಡ್’. ಇ-ಪುಸ್ತಕ ಕಣ್ಣಿನ ತೊಂದರೆ ಇರುವವರಿಗೆ ಮಾತ್ರ.

ನನ್ನ ಪ್ರತಿ ಈಗ ಅಕ್ಕನ ಮನೆಯಲ್ಲಿದೆ. ಗೀಟು ಹಾಕಿದವಳು ನಾನೇ ಅಂದುಕೊಂಡು ಫೋನ್ ಮಾಡಿದ್ದಳು. “ಹೊಡೆಯೋದನ್ನೇ ಹುಡುಕಿ ಹುಡುಕಿ ಓದಿದ್ದೀಯಲ್ಲೇ” ಅಂದಳು. ನಾನಲ್ಲ ಕಣೇ ಅಂದೆ. ನಂಬಿದ ಹಾಗೆ ಕಾಣಲಿಲ್ಲ.