ಥೈಲ್ಯಾಂಡ್ ವಾಲಂಟಿಯರಿಂಗ್: ಹಳ್ಳಿಗೆ ಫುಲ್ ಮಾರ್ಕ್ಸ್, ಏಜೆನ್ಸಿಗೆ ಅಷ್ಟಕ್ಕಷ್ಟೆ

ಜೂನಲ್ಲಿ ನಾಲ್ಕು ವಾರ ಈಸಾನ್ (ಥೈಲ್ಯಾಂಡಿನ ಈಶಾನ್ಯ ಭಾಗ) ಕಡೆ, ಖೋನ್ ಕೇನ್ ಹತ್ರದ ಒಂದು ಹಳ್ಳಿ ಸ್ಕೂಲಲ್ಲಿ ಇಂಗ್ಲಿಷ್ ಹೇಳ್ಕೊಡೋ ಪ್ರೋಗ್ರಾಂಗೆ ಹೋಗಿದ್ದೆ. ಏಜೆನ್ಸಿ ಹೆಸರು ಬೇಡ ಬಿಡಿ. ದುಡ್ಡು ಜಾಸ್ತಿನೇ ತಗೊಂಡ್ರು, ವೀಸಾ ವಿಷ್ಯ ಮಾತ್ರ ಕೊನೇವರೆಗೂ ಎಳೆದಾಡಿದ್ರು. ಅಲ್ಲಿ ಸಂಬಳ ಇಲ್ದೆ ಮಾಡಿದ್ರೂ ಅದು ಕೆಲ್ಸಾನೇ, ಟೂರಿಸ್ಟ್ ಆಗಿ ಹೋಗಿ ಪಾಠ ಮಾಡೋ ಹಾಗಿಲ್ಲ, ಇದನ್ನ ಮೊದ್ಲೇ ಕೇಳ್ಕೊಳ್ಳಿ.

ಆದ್ರೆ ಹಳ್ಳಿ? ಸೂಪರ್. ಬೆಳಗ್ಗೆ ಎದ್ರೆ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರ್ತಾರೆ, ನಾನಿದ್ದ ಮನೆ ಅಜ್ಜಿ ಚಪ್ಪಲಿ ಬಿಟ್ಟು ಅವರ ಪಾತ್ರೆಗೆ ಅಂಟು ಅನ್ನ ಹಾಕ್ತಿದ್ರು, ಎರಡನೇ ವಾರದಿಂದ ನನ್ನ ಕೈಲೂ ಹಾಕ್ಸಿದ್ರು. ಎಂಟು ಗಂಟೆಗೆ ಸ್ಕೂಲಲ್ಲಿ ರಾಷ್ಟ್ರಗೀತೆ.

ಒಂದು ಗುರುವಾರ 'ವಾಯ್ ಖ್ರೂ' ಅಂತ ಮಾಡಿದ್ರು, ಅಂದ್ರೆ ಗುರುವಂದನೆ, ಖ್ರೂ ಅಂದ್ರೆ ನಮ್ಮ ಗುರುನೇ! ಮಕ್ಳು ಮಂಡಿಯೂರಿ ತಂದುಕೊಟ್ಟಿದ್ದು ಏನು ಗೊತ್ತಾ, ಗರಿಕೆ, ಕೇಪಳ ಹೂ, ಬದನೆ ಹೂ. ಗರಿಕೆ ಥರ ಬೇಗ ಹಬ್ಬಲಿ, ಬದನೆ ಹೂ ಥರ ತಲೆ ಬಾಗಲಿ, ಕೇಪಳದ ಮೊಗ್ಗಿನ ತುದಿ ಥರ ಬುದ್ಧಿ ಚೂಪಾಗಲಿ ಅಂತ ಅರ್ಥವಂತೆ. ಗಣಪತಿ ಹಬ್ಬಕ್ಕೆ ಗರಿಕೆ ಹುಡ್ಕಿದವನಿಗೆ ಕಣ್ಣು ಒದ್ದೆ ಆಗ್ದೆ ಇರತ್ತಾ.

ಸಸ್ಯಾಹಾರಿಗಳಿಗೆ ಕಷ್ಟ ಮಾರಾಯ್ರೆ, ಪಪ್ಪಾಯ ಸಲಾಡಿಗೂ ಮೀನಿನ ಸಾಸ್. 'ಕಿನ್ ಜೇ' (ಮಾಂಸ, ಮೀನು ಏನೂ ಇಲ್ದೇ ಇರೋ ಊಟ ಮಾಡ್ತೀನಿ ಅಂತ) ಅನ್ನೋದು ಬಾಯಿಪಾಠ ಮಾಡ್ಕೊಳ್ಳಿ, ಚಟ್ನಿಪುಡಿ ಒಯ್ಯಿರಿ. ನನ್ನದು ಅಜ್ಜಿನೇ ಅರ್ಧ ಖಾಲಿ ಮಾಡಿದ್ರು.

5ಕ್ಕೆ 4, ಆ ಒಂದು ಕಟ್ ಆಗಿದ್ದು ಏಜೆನ್ಸಿಯಿಂದ.